ಆಫರ್ ಲೆಟರ್ ಬಂದಿದೆ, ಏನೆಂದು ಉತ್ತರಿಸಲಿ?

ಪ್ರಶ್ನೆ: ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಇಲ್ಲಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಬೆಂಗಳೂರಿನ ಕಂಪನಿಯೊಂದರಿಂದ ಆಫರ್ ಲೆಟರ್ ಬಂದಿದ್ದು, ಮೂರು ದಿನದೊಳಗೆ ಒಪ್ಪಿಗೆ ತಿಳಿಸಬೇಕಂತೆ. ಇನ್ನೊಂದು ಸಂದರ್ಶನದ ಫಲಿತಾಂಶ ಮುಂದಿನ ವಾರ ಬರಲಿದೆ. ಸದ್ಯಕ್ಕೆ ಒಪ್ಪಿಕೊಂಡು, ಆಮೇಲೆ ಬೇಕಾದರೆ ಬೇಡವೆನ್ನಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನೀವು ಒಪ್ಪಿದಿರೆಂದು ನಂಬಿ ಕಂಪನಿಯವರು ಉಳಿದ ಅಭ್ಯರ್ಥಿಗಳಿಗೆ ಇಲ್ಲವೆಂದು ತಿಳಿಸಿಬಿಡುತ್ತಾರೆ. ಅವರಲ್ಲಿ ಒಬ್ಬರು ನಿಮ್ಮಂತೆಯೇ ದಿನವೂ ಇಮೇಲ್ ತೆರೆದು ನೋಡುತ್ತ ಕಾದಿರಬಹುದು.

ಪತ್ರ ಬಂದ ದಿನವೇ ಉತ್ತರಿಸಿ, ಆದರೆ ಒಪ್ಪಿಗೆಯ ಮಾತು ಬೇಡ. ‘ಮಾನ್ಯರೇ, ಈ ಹುದ್ದೆಗೆ ನನ್ನನ್ನು ಆರಿಸಿದ್ದಕ್ಕೆ ಧನ್ಯವಾದಗಳು. ಷರತ್ತುಗಳನ್ನು ಓದಿ, ಮನೆಯವರೊಂದಿಗೆ ಮಾತನಾಡಿ ನಿರ್ಧಾರ ತಿಳಿಸಲು ಮುಂದಿನ ಗುರುವಾರದವರೆಗೆ ಸಮಯ ಕೊಡಬೇಕೆಂದು ಕೋರುತ್ತೇನೆ’ ಎಂದರೆ ಸಾಕು. ಇಂಗ್ಲಿಷಿನಲ್ಲಿ ಬರೆಯುವುದಾದರೂ ಇದಕ್ಕಿಂತ ಉದ್ದ ಬೇಕಿಲ್ಲ. ‘ಸ್ವಲ್ಪ ಸಮಯ’ ಎನ್ನದೆ ದಿನವನ್ನೇ ಹೆಸರಿಸಿ. ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂಬ ನೆಪ ಹೂಡಬೇಡಿ. ಇನ್ನೊಂದು ಸಂದರ್ಶನದ ವಿಷಯವನ್ನು ನೀವಾಗಿ ಹೇಳಬೇಕಿಲ್ಲ, ಕೇಳಿದರೆ ಮರೆಮಾಚಲೂಬೇಡಿ.

ಆ ದಿನಗಳಲ್ಲಿ ಪತ್ರವನ್ನು ನಿಧಾನವಾಗಿ ಓದಿ. ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಎಂದು ಕಾಣಿಸುವ ಮೊತ್ತದಲ್ಲಿ ಸಾಮಾನ್ಯವಾಗಿ ಕಂಪನಿ ಕಟ್ಟುವ ಪಿಎಫ್ ಪಾಲು, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಎಲ್ಲವೂ ಸೇರಿರುವುದರಿಂದ, ತಿಂಗಳಿಗೆ ಕೈಗೆ ಬರುವುದೆಷ್ಟೆಂದು ವಿನಯದಿಂದಲೇ ಕೇಳಿ. ಬೆಂಗಳೂರಿನ ಬಾಡಿಗೆ, ಅಡ್ವಾನ್ಸ್ ಕಟ್ಟಬೇಕಾದವರು ಇದನ್ನು ಕೇಳುವುದು ದುರಾಸೆಯಲ್ಲ. ಈಗಿನ ಕಚೇರಿಗೆ ಎಷ್ಟು ದಿನದ ನೋಟಿಸ್ ಕೊಡಬೇಕೋ ಅದಕ್ಕೆ ಸೇರುವ ದಿನಾಂಕ ಹೊಂದುತ್ತದೆಯೇ ಎಂಬುದನ್ನೂ ನೋಡಿ.

ಏನಾದರೂ ಬದಲಾಗಬೇಕಿದ್ದರೆ ಒಪ್ಪುವ ಮೊದಲೇ ಕೇಳಬೇಕು. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಕಲಮಿನಂತೆ ಒಪ್ಪಿಗೆಯು ಪೂರ್ಣವೂ ನಿಶ್ಶರ್ತವೂ ಆಗಿರಬೇಕು. ‘ಒಪ್ಪಿದ್ದೇನೆ, ಆದರೆ ಸಂಬಳ ಇಷ್ಟಾಗಬೇಕು’ ಎಂದು ಬರೆದರೆ ಅದು ಒಪ್ಪಿಗೆಯಾಗದೆ ನಿಮ್ಮ ಕಡೆಯಿಂದ ಹೋದ ಹೊಸ ಪ್ರಸ್ತಾಪವಾಗುತ್ತದೆ.

ಅವರು ಹೆಚ್ಚಿನ ಸಮಯ ಕೊಡದಿದ್ದರೆ, ಕೈಯಲ್ಲಿರುವ ಈ ಒಂದನ್ನೇ ತೂಗಿ ನೋಡಿ ತೀರ್ಮಾನಿಸಿ. ಬೇಡವೆನಿಸಿದರೆ ಫೋನಿನಲ್ಲಿ ತಿಳಿಸಿ, ಅದೇ ದಿನ ಎರಡು ಸಾಲು ಬರೆದು ಕಳುಹಿಸಿ. ಒಪ್ಪುವುದಾದರೆ ಹುದ್ದೆ, ಸಂಬಳ, ಸೇರುವ ದಿನಾಂಕಗಳನ್ನು ನಮೂದಿಸಿ ಉತ್ತರಿಸಿ, ಅದು ತಲುಪಿದೆಯೆಂದು ಅವರಿಂದ ಮರುಪತ್ರ ಬಂದ ಮೇಲೆಯೇ ಈಗಿನ ಕಚೇರಿಗೆ ರಾಜೀನಾಮೆ ಕೊಡಿ.