ಸಂಪಾದಕರ ಉತ್ತರ: ರೈಲಿನ ಹರಾಜಿನಲ್ಲಿ ಪ್ರಯಾಣಿಕನ ಪಾಲೆಷ್ಟು?

ದಾವಣಗೆರೆಯ ಓದುಗರೊಬ್ಬರು ರೈಲ್ವೆಯ ಬಗ್ಗೆ ದೀರ್ಘವಾದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಬ್ರಿಟನ್ನಿನಲ್ಲಿ ಒಂದೊಂದು ಮಾರ್ಗದಲ್ಲಿ ಕೆಲವು ವರ್ಷಗಳ ಮಟ್ಟಿಗೆ ರೈಲು ಓಡಿಸುವ ಗುತ್ತಿಗೆಗಾಗಿ, ಅಂದರೆ ಫ್ರಾಂಚೈಸಿಗಾಗಿ, ಕಂಪನಿಗಳು ಪೈಪೋಟಿ ನಡೆಸಿದವು, ಅದರಿಂದ ಸೇವೆಯೂ ಸುಧಾರಿಸಿತು, ಖಜಾನೆಯೂ ತುಂಬಿತು, ನಮ್ಮಲ್ಲಿಯೂ ಹಾಗೆ ಮಾಡಿದರೆ ಹುಬ್ಬಳ್ಳಿ–ಬೆಂಗಳೂರು ರೈಲಿಗಾಗಿ ಗಂಟೆಗಟ್ಟಲೆ ಕಾಯುವುದು ತಪ್ಪುತ್ತದೆ. ಪತ್ರಿಕೆ ಹಳೆಯ ಸಮಾಜವಾದದ ಗುಂಗಿನಿಂದ ಹೊರಬರಲಿ ಎಂಬ ಸಲಹೆಯೂ ಇದೆ.

ಇಷ್ಟು ಕಳಕಳಿಯಿಂದ ರೈಲಿನ ಬಗ್ಗೆ ಬರೆಯುವ ಓದುಗರಿರುವುದು ನಮ್ಮ ಭಾಗ್ಯ. ಅವರ ಮಾತಿನಲ್ಲಿ ಸತ್ಯಾಂಶವೂ ಇದೆ. ಖಾಸಗೀಕರಣದ ನಂತರ ಬ್ರಿಟನ್ನಿನ ರೈಲು ಪ್ರಯಾಣಿಕರ ಸಂಖ್ಯೆ 2019ರ ಹೊತ್ತಿಗೆ ಎರಡು ಪಟ್ಟಿಗೂ ಮೀರಿ ಬೆಳೆದಿತ್ತು. ಚಿಲ್ಟರ್ನ್‌ನಂಥ ಕಂಪನಿ ದೀರ್ಘಾವಧಿಯ ಗುತ್ತಿಗೆಯನ್ನು ನಂಬಿ ಹಳಿಗಳ ಮೇಲೂ ಹಣ ಹೂಡಿತು. ಆದರೆ ಓದುಗರು ಯಾವುದನ್ನು ಸ್ಪರ್ಧೆ ಎನ್ನುತ್ತಿದ್ದಾರೋ ಅದು ನಡೆಯುತ್ತಿದ್ದುದು ಏಳೆಂಟು ವರ್ಷಕ್ಕೊಮ್ಮೆ, ಸಾರಿಗೆ ಇಲಾಖೆಯ ಕೋಣೆಯೊಳಗೆ. ಅಲ್ಲಿ ಪ್ರಯಾಣಿಕನಿಗೆ ಪ್ರವೇಶವಿರಲಿಲ್ಲ. ಲಂಡನ್ನಿನ ಹೊರಗಿನ ವೋಕಿಂಗ್ ಊರಿನಿಂದ ದಿನವೂ ಲಂಡನ್ನಿಗೆ ಹೋಗುವವನ ಮುಂದೆ ನಿಲ್ಲುತ್ತಿದ್ದುದು ಒಂದೇ ಕಂಪನಿಯ ರೈಲು. 1997ರ ಆರಂಭದಲ್ಲಿ ಆ ಮಾರ್ಗದ ಸೌತ್ ವೆಸ್ಟ್ ಟ್ರೇನ್ಸ್ ವೆಚ್ಚ ಉಳಿಸಲು ಅಗತ್ಯಕ್ಕಿಂತ ಹೆಚ್ಚು ಚಾಲಕರನ್ನು ಮನೆಗೆ ಕಳುಹಿಸಿ, ದಿನವೂ ಹತ್ತಾರು ರೈಲುಗಳನ್ನು ರದ್ದುಗೊಳಿಸಿದಾಗ ಅವನು ಬೇರೆ ಯಾವ ಕಂಪನಿಯ ಟಿಕೆಟ್ ಕೊಳ್ಳಬೇಕಿತ್ತು? ಅದೇ ಕಂಪನಿ 2017ರವರೆಗೂ ಆ ಮಾರ್ಗದಲ್ಲಿತ್ತು.

ಶ್ರೀನಿವಾಸಪುರದ ಕಡೆ ಮಾವು ಹೂ ಬಿಟ್ಟಾಗಲೇ ತೋಪನ್ನು ಗುತ್ತಿಗೆ ಹಿಡಿಯುತ್ತಾರೆ. ಫಸಲು ಎಷ್ಟು ಬಂದೀತೆಂದು ಅಂದಾಜು ಮಾಡಿ ಬೆಲೆ ಕೂಗುವವನೇ ಗೆಲ್ಲುತ್ತಾನೆ. ಫ್ರಾಂಚೈಸಿಯ ಪೈಪೋಟಿಯೂ ಇಂಥದೇ: ಮುಂದಿನ ವರ್ಷಗಳಲ್ಲಿ ಎಷ್ಟು ಜನ ಪ್ರಯಾಣಿಸುತ್ತಾರೆಂಬ ಅಂದಾಜು ಯಾರದು ಅತಿ ಉದಾರವೋ ಅವರಿಗೆ ಮಾರ್ಗ ಸಿಗುತ್ತಿತ್ತು, ಅಂದಾಜು ಹುಸಿಯಾದಾಗ ಅವರು ಠೇವಣಿ ಬಿಟ್ಟು ನಡೆಯುತ್ತಿದ್ದರು. ಲಂಡನ್ನಿನಿಂದ ಯಾರ್ಕ್, ನ್ಯೂಕಾಸಲ್ ದಾಟಿ ಎಡಿನ್‌ಬರೋಗೆ ಹೋಗುವ ಪೂರ್ವ ಕರಾವಳಿ ಮಾರ್ಗದ ಕಥೆಯನ್ನು ಓದುಗರು ದಯವಿಟ್ಟು ಗಮನಿಸಬೇಕು. 2005ರಲ್ಲಿ ಜಿಎನ್‌ಇಆರ್ ಎಂಬ ಕಂಪನಿ ಹತ್ತು ವರ್ಷಕ್ಕೆ 130 ಕೋಟಿ ಪೌಂಡ್ ಕೊಡುವುದಾಗಿ ಹೇಳಿ ಗೆದ್ದು, ಎರಡು ವರ್ಷವೂ ತುಂಬುವ ಮೊದಲೇ ಸೋತಿತು. ಅದರ ಜಾಗಕ್ಕೆ 140 ಕೋಟಿ ಕೂಗಿ 2007ರಲ್ಲಿ ಬಂದ ನ್ಯಾಷನಲ್ ಎಕ್ಸ್‌ಪ್ರೆಸ್ 2009ರಲ್ಲಿ ಕೈಚೆಲ್ಲಿತು. 2015ರಲ್ಲಿ ಸ್ಟೇಜ್‌ಕೋಚ್ ಮತ್ತು ವರ್ಜಿನ್ ಸೇರಿ 330 ಕೋಟಿ ಕೂಗಿ ಬಂದವು. 2018ರ ಜೂನ್‌ನಲ್ಲಿ ಸರ್ಕಾರ ಅದನ್ನೂ ಹಿಂಪಡೆಯಬೇಕಾಯಿತು. ಯಾರ್ಕ್‌ನಲ್ಲಿ ನೆಲೆಸಿರುವ ನನ್ನ ಸ್ನೇಹಿತರು ಆ ವರ್ಷಗಳಲ್ಲಿ ಇದೇ ರೈಲಿನಲ್ಲಿ ಓಡಾಡಿದವರು. ಕಂಪನಿ ಬದಲಾದಂತೆಲ್ಲ ಬೋಗಿಯ ಬಣ್ಣ ಬದಲಾಗುತ್ತಿತ್ತು, ಬೋಗಿ ಮಾತ್ರ ಅದೇ ಇರುತ್ತಿತ್ತು ಎಂದು ಅವರು ಹೇಳುತ್ತಿದ್ದರು. ಅದು ನಿಜವೇ. ಬೋಗಿಗಳು ಅವುಗಳನ್ನು ಬಾಡಿಗೆಗೆ ಕೊಡುವ ಬೇರೆ ಕಂಪನಿಗಳ ಸ್ವತ್ತು, ಹಳಿ ಮತ್ತೊಬ್ಬರ ಸ್ವತ್ತು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 2009ರಿಂದ 2015ರವರೆಗಿನ ಅವಧಿ. ಎರಡು ಕಂಪನಿಗಳು ಸೋತ ಆ ಮಾರ್ಗವನ್ನು ಆಗ ನಡೆಸಿದ್ದು ಸರ್ಕಾರಿ ಸ್ವಾಮ್ಯದ ಸಂಸ್ಥೆ. ಅದು ಖಜಾನೆಗೆ ಸುಮಾರು 100 ಕೋಟಿ ಪೌಂಡ್ ತುಂಬಿತು. ಆದರೂ ಅದನ್ನು ಮುಂದುವರಿಸದೆ ಮತ್ತೆ ಹರಾಜಿಗಿಟ್ಟರು. ಸರ್ಕಾರಿ ಸಂಸ್ಥೆ ಎಡವಿದರೆ ಇಡೀ ಸಾರ್ವಜನಿಕ ಕ್ಷೇತ್ರವೇ ದಂಡ ಎಂದು ತೀರ್ಪು ಕೊಡುವವರು, ಅದು ಗೆದ್ದಾಗ ಕಣ್ಣೆತ್ತಿ ನೋಡುವುದಿಲ್ಲ. ನಮ್ಮ ಸಾರಿಗೆ ನಿಗಮಗಳ ಬಗ್ಗೆ, ಸರ್ಕಾರಿ ಆಸ್ಪತ್ರೆಗಳ ಬಗ್ಗೆ ದಶಕಗಳಿಂದ ಕೇಳುತ್ತಿರುವುದೂ ಇದೇ ತೀರ್ಪನ್ನಲ್ಲವೇ?

ಇನ್ನು ಹರಾಜನ್ನಾದರೂ ಸರಿಯಾಗಿ ನಡೆಸಿದರೇ? 2012ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಪಶ್ಚಿಮ ಕರಾವಳಿ ಮಾರ್ಗ ಫಸ್ಟ್‌ಗ್ರೂಪ್ ಕಂಪನಿಗೆ ಹೋಯಿತು. ಅಲ್ಲಿಯವರೆಗೆ ಆ ಮಾರ್ಗ ನಡೆಸುತ್ತಿದ್ದ ವರ್ಜಿನ್ ನ್ಯಾಯಾಲಯದ ಮೆಟ್ಟಿಲೇರಿತು. ಅಕ್ಟೋಬರ್‌ನಲ್ಲಿ ಇಲಾಖೆಯೇ ತನ್ನ ಲೆಕ್ಕಾಚಾರ ತಪ್ಪೆಂದು ಒಪ್ಪಿ ಇಡೀ ಪ್ರಕ್ರಿಯೆಯನ್ನು ರದ್ದುಗೊಳಿಸಿತು. ನಾಲ್ವರು ಸ್ಪರ್ಧಿಗಳ ಖರ್ಚಿಗೆಂದು ಸುಮಾರು 4 ಕೋಟಿ ಪೌಂಡ್ ಜನರ ತೆರಿಗೆಯಿಂದಲೇ ಹೋಯಿತು. ಆ ನಾಲ್ವರಲ್ಲಿ ಒಂದು ನೆದರ್‌ಲೆಂಡ್ಸ್ ಸರ್ಕಾರಿ ರೈಲ್ವೆಯ ಅಂಗಸಂಸ್ಥೆ, ಇನ್ನೊಂದರಲ್ಲಿ ಫ್ರಾನ್ಸ್ ಸರ್ಕಾರಿ ರೈಲ್ವೆಯ ಪಾಲಿತ್ತು. ಬ್ರಿಟನ್ನಿನ ಸರ್ಕಾರಿ ಸಂಸ್ಥೆಗೆ ಮಾತ್ರ ಸ್ಪರ್ಧಿಸಲು ರೈಲ್ವೆ ಖಾಸಗೀಕರಣದ 1993ರ ಕಾನೂನು ಅವಕಾಶ ಕೊಟ್ಟಿರಲಿಲ್ಲ. ಪರದೇಶದ ಸರ್ಕಾರ ನಮ್ಮ ರೈಲು ಓಡಿಸಬಹುದು, ನಮ್ಮ ಸರ್ಕಾರ ಓಡಿಸಬಾರದು ಎಂಬ ನಿಯಮವನ್ನು ಯಾವ ಸ್ವಾಭಿಮಾನಿ ಪ್ರಜೆಯಾದರೂ ಹೇಗೆ ಒಪ್ಪಿಯಾನು?

ನಮ್ಮಲ್ಲಿ ಈ ಪ್ರಯೋಗ ನಡೆದೇ ಇಲ್ಲ ಎಂದು ಓದುಗರು ಭಾವಿಸಿದಂತಿದೆ. 1882ರಲ್ಲಿ ಮೈಸೂರು ಸಂಸ್ಥಾನ ತನ್ನ ಹಣದಿಂದ ಕಟ್ಟಿ ಮುಗಿಸಿದ ಬೆಂಗಳೂರು–ಮೈಸೂರು ಮಾರ್ಗವನ್ನು ನಾಲ್ಕು ವರ್ಷಗಳ ನಂತರ ಸದರ್ನ್ ಮರಾಠಾ ಎಂಬ ಖಾಸಗಿ ರೈಲ್ವೆ ಕಂಪನಿಗೆ ವಹಿಸಲಾಯಿತು. 1919ರಲ್ಲಿ ಸಂಸ್ಥಾನವೇ ಅದನ್ನು ಮರಳಿ ವಹಿಸಿಕೊಂಡಿತು. ತೀರಾ ಈಚೆಗೆ, 2020ರಲ್ಲಿ, ದೇಶದ 12 ಕ್ಲಸ್ಟರ್‌ಗಳಲ್ಲಿ, ಅಂದರೆ ಮಾರ್ಗಗಳ ಗುಂಪುಗಳಲ್ಲಿ, 151 ಖಾಸಗಿ ರೈಲುಗಳಿಗೆ ಕೇಂದ್ರ ಸರ್ಕಾರ ಟೆಂಡರ್ ಕರೆದಿತ್ತು. ಬೆಂಗಳೂರೂ ಒಂದು ಕ್ಲಸ್ಟರ್. ಮರುವರ್ಷ ಬಿಡ್ ಹಾಕಿದವರು ಇಬ್ಬರೇ, ಅವರಲ್ಲೊಬ್ಬರು ರೈಲ್ವೆಯದೇ ಐಆರ್‌ಸಿಟಿಸಿ. ಬೆಂಗಳೂರನ್ನು ಯಾರೂ ಕೇಳಲೇ ಇಲ್ಲ.

ಓದುಗರು ಮಾದರಿಯೆಂದು ತೋರಿಸಿದ ದೇಶವೇ ಈಗ ಹಿಂದಿರುಗುತ್ತಿದೆ. 2024ರ ಕಾನೂನಿನಂತೆ ಗುತ್ತಿಗೆ ಮುಗಿದಂತೆಲ್ಲ ಮಾರ್ಗಗಳು ಸರ್ಕಾರದ ಕೈಗೆ ಬರುತ್ತಿವೆ. 2025ರ ಮೇ ತಿಂಗಳಲ್ಲಿ ಮೊದಲು ಬಂದದ್ದು ಅದೇ ವೋಕಿಂಗ್ ಕಡೆಯ ಮಾರ್ಗ. ಆದರೆ ಹುಬ್ಬಳ್ಳಿ ರೈಲಿನ ವಿಳಂಬದ ಬಗ್ಗೆ ಅವರಿಗಿರುವ ಸಿಟ್ಟು ನ್ಯಾಯವಾದದ್ದು, ಅದನ್ನು ಅವರು ಬಿಡಬಾರದು. ಯಾವ ರೈಲು, ಯಾವ ನಿಲ್ದಾಣದಲ್ಲಿ, ಎಷ್ಟು ಹೊತ್ತು ನಿಲ್ಲುತ್ತದೆಂದು ಬರೆದು ಕಳುಹಿಸಲಿ. ರೈಲ್ವೆ ಅಧಿಕಾರಿಗಳ ಮುಂದೆ ಅದನ್ನಿಟ್ಟು ಉತ್ತರ ಕೇಳುವ ಕೆಲಸವನ್ನು ಪತ್ರಿಕೆ ಮಾಡುತ್ತದೆ, ಬಂದ ಉತ್ತರವನ್ನು ಇದೇ ಪುಟದಲ್ಲಿ ಪ್ರಕಟಿಸುತ್ತದೆ.