ಸಂಪಾದಕರ ಉತ್ತರ: ಆರು ಸಾಲಿನ ಮಂಜು, ಆರು ಸಂಪುಟದ ಲಿಂಕನ್

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಳೆದ ಸಂಚಿಕೆಯಲ್ಲಿ ಅಮೆರಿಕದ ಕವಿ ಕಾರ್ಲ್ ಸ್ಯಾಂಡ್‌ಬರ್ಗ್ ಅವರ ಮಂಜಿನ ಪದ್ಯದ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಹಾಕಿದ್ದೆವು. 'ಲಿಂಕನ್ ಜೀವನಚರಿತ್ರೆ ಬರೆದವರೂ ಇವರೇ' ಎಂಬ ಸಾಲು ಅದರ ಕೊನೆಗಿತ್ತು. ಅದನ್ನು ಹಿಡಿದು ನೀವು ಕೇಳಿದ್ದೀರಿ: ಪದ್ಯ, ಪತ್ರಿಕೆ, ಹಾಡು, ಮಕ್ಕಳ ಕಥೆ, ಚರಿತ್ರೆ ಎಲ್ಲಕ್ಕೂ ಕೈ ಹಾಕಿದವರ ಬರವಣಿಗೆಯಲ್ಲಿ ಆಳ ಎಲ್ಲಿಂದ ಬರಬೇಕು? ಕವಿ ಬರೆದ ಚರಿತ್ರೆಯನ್ನು ಇತಿಹಾಸದ ಮೇಷ್ಟ್ರು ನಂಬುವುದು ಹೇಗೆ? ನ್ಯಾಯವಾದ ಪ್ರಶ್ನೆಗಳು. ಇಷ್ಟು ದೊಡ್ಡ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ನಮ್ಮ ತಪ್ಪು.

ಸ್ಯಾಂಡ್‌ಬರ್ಗ್ ಬೆಳೆದ ಊರಿನಿಂದ ಶುರು ಮಾಡುತ್ತೇನೆ. ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್. ಹುಟ್ಟಿದ್ದು 1878ರಲ್ಲಿ. ಅಪ್ಪ ಅಮ್ಮ ಸ್ವೀಡನ್‌ನಿಂದ ಬಂದವರು, ಅಪ್ಪನಿಗೆ ರೈಲ್ವೆಯ ಕಮ್ಮಾರಸಾಲೆಯಲ್ಲಿ ಕೆಲಸ. ಮನೆಯಲ್ಲಿ ದುಡ್ಡಿರಲಿಲ್ಲ. ಹದಿಮೂರಕ್ಕೇ ಶಾಲೆ ಬಿಟ್ಟು ಹಾಲಿನ ಗಾಡಿ ಹತ್ತಿದರು. ಹತ್ತೊಂಬತ್ತಕ್ಕೆ ಗೂಡ್ಸ್ ರೈಲು ಹತ್ತಿ, ಟಿಕೆಟ್ಟಿಲ್ಲದೆ ಕಾನ್ಸಸ್ ಕಡೆಗೆ ಹೋಗಿ ಗೋಧಿ ಕೊಯ್ಲಿಗೆ ನಿಂತರು. ಕೂಲಿಗಾಗಿ ಊರೂರು ಅಲೆಯುವವರ ಹಾಡುಗಳು ಅವರ ಕಿವಿಗೆ ಬಿದ್ದದ್ದು ಆ ತಿರುಗಾಟದಲ್ಲಿ.

ಅದೇ ಗೇಲ್ಸ್‌ಬರ್ಗ್‌ನ ನಾಕ್ಸ್ ಕಾಲೇಜಿನ ಅಂಗಳದಲ್ಲಿ 1858ರಲ್ಲಿ ಲಿಂಕನ್ ಮತ್ತು ಸೆನೆಟ್ ಚುನಾವಣೆಯಲ್ಲಿ ಅವರ ಎದುರಾಳಿಯಾಗಿದ್ದ ಡಗ್ಲಸ್ ಗುಲಾಮಗಿರಿಯ ಬಗ್ಗೆ ವಾದ ಮಾಡಿದ್ದರು. ಸ್ಯಾಂಡ್‌ಬರ್ಗ್ ಹುಡುಗನಾಗಿದ್ದಾಗ ಲಿಂಕನ್‌ರನ್ನು ಕಣ್ಣಾರೆ ಕಂಡವರು ಊರಲ್ಲಿ ಇನ್ನೂ ಇದ್ದರು. ಈ ಹುಡುಗನ ಪಾಲಿಗೆ ಲಿಂಕನ್ ಪಾಠಪುಸ್ತಕದಲ್ಲಿ ಬಂದವರಲ್ಲ, ಊರಿನ ಹಿರಿಯರ ಬಾಯಲ್ಲಿ ಬಂದವರು. ಅವರು ಬರೆದ ಲಿಂಕನ್ ಚರಿತ್ರೆಯ ಬಲವೂ ಇಲ್ಲೇ ಇದೆ, ದೋಷವೂ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ನೀವು 'ಬರೀ ಪತ್ರಕರ್ತ' ಎಂದಿದ್ದೀರಿ. ಆ 'ಬರೀ' ನನಗೆ ಒಪ್ಪಿಗೆಯಿಲ್ಲ. 1919ರ ಜುಲೈನಲ್ಲಿ ಅವರು ಶಿಕಾಗೊ ಡೈಲಿ ನ್ಯೂಸ್ ಪತ್ರಿಕೆಗಾಗಿ ಅಲ್ಲಿನ ಕಪ್ಪು ಜನರ ಬೀದಿಗಳಲ್ಲಿ ಓಡಾಡುತ್ತಿದ್ದರು. ಬಾಡಿಗೆ ಎಷ್ಟು, ಕೆಲಸ ಎಲ್ಲಿ ಸಿಗುತ್ತದೆ, ಯಾರ ಮನೆಗೆ ಬಾಂಬ್ ಬಿತ್ತು, ಹೀಗೆ ಕೇಳಿ ಕೇಳಿ ಬರೆದರು. ಆ ಲೇಖನಗಳು ಬರುತ್ತಿದ್ದಾಗಲೇ, ಜುಲೈ 27ರಂದು, ಮಿಶಿಗನ್ ಸರೋವರದ ದಡದಲ್ಲಿ ಬಿಳಿಯನೊಬ್ಬ ಕಲ್ಲೆಸೆದು ಯೂಜೀನ್ ವಿಲಿಯಮ್ಸ್ ಎಂಬ ಕಪ್ಪು ಹುಡುಗ ಮುಳುಗಿ ಸತ್ತ. ಅದರಿಂದ ಎದ್ದ ಬಿಳಿಯರ-ಕಪ್ಪು ಜನರ ಗಲಭೆಯಲ್ಲಿ 38 ಜನ ಹೋದರು. ಅನಾಹುತಕ್ಕೆ ಮುಂಚೆಯೇ ಆ ಬೀದಿಗಳಲ್ಲಿ ಕಿವಿಗೊಟ್ಟು ನಿಂತಿದ್ದವರು ಈ ಕವಿ. ಆ ಬರಹಗಳು ಅದೇ ವರ್ಷ ಪುಸ್ತಕವಾದವು.

ಮಂಜಿನ ಪದ್ಯ ಹುಟ್ಟಿದ್ದೂ ವರದಿಯ ಓಡಾಟದಲ್ಲೇ. ಒಬ್ಬ ನ್ಯಾಯಾಧೀಶರನ್ನು ಕಾಣಲು ಹೋಗುವಾಗ ದಾರಿಯಲ್ಲಿ ಬಂದರಿನ ಮೇಲೆ ಕವಿದ ಮಂಜು ಕಂಡಿತು. ಆಮೇಲೆ ಅವರಿಗಾಗಿ ಕಾಯುತ್ತಾ ಕೂತಾಗ ಕೈಯಲ್ಲಿದ್ದ ಕಾಗದದ ಮೇಲೆ ಬರೆದರು. ಬೆಕ್ಕಿನ ಹೆಜ್ಜೆಯಲ್ಲಿ ಬಂದು, ಸದ್ದಿಲ್ಲದೆ ಕುಕ್ಕರಿಸಿ, ಬಂದರನ್ನೂ ಊರನ್ನೂ ನೋಡಿ, ಎದ್ದು ಹೋಗುವ ಮಂಜು. ಆರೇ ಸಾಲು.

ಇನ್ನು ಹಾಡುಗಳು. ಊರೂರಲ್ಲಿ ಕವಿತೆ ಓದಲು ಕರೆದರೆ ಗಿಟಾರ್ ಜೊತೆಗೇ ಇರುತ್ತಿತ್ತು. ಪದ್ಯ ಓದಿ, ಕೊನೆಗೆ ಹಾಡುತ್ತಿದ್ದರು. ಜನ ತಮ್ಮ ಹಾಡುಗಳನ್ನೂ ಕೊಡುತ್ತಿದ್ದರು. ಹಾಗೆ ಕೂಡಿಟ್ಟ 280 ಹಾಡುಗಳು 1927ರಲ್ಲಿ ಪುಸ್ತಕವಾಗಿ ಬಂದವು. ಅದರ ಪುಟ ತಿರುಗಿಸುವಾಗ ಒಂದನ್ನು ಗಮನಿಸಿ: ಈ ಹಾಡು ಯಾರಿಂದ ಬಂತು, ಎಲ್ಲಿ ಹಾಡುತ್ತಿದ್ದರು ಎಂದು ಹಾಡಿನ ಜೊತೆ ಹೇಳಿಕೊಂಡು ಹೋಗುತ್ತಾರೆ.

ಲಿಂಕನ್ ಪುಸ್ತಕದಲ್ಲಿ ಈ ಶಿಸ್ತು ಇಲ್ಲ. ನಿಮ್ಮ ಅನುಮಾನಕ್ಕೆ ನಾನು ತಲೆಬಾಗುವುದು ಇಲ್ಲಿ. ಮಕ್ಕಳಿಗೊಂದು ಪುಟ್ಟ ಪುಸ್ತಕ ಅಂತ ಶುರುವಾದದ್ದು ಬೆಳೆದೂ ಬೆಳೆದೂ 1926ರಲ್ಲಿ ಎರಡು ಸಂಪುಟವಾಯಿತು. 1939ರಲ್ಲಿ ಲಿಂಕನ್ ಅಧ್ಯಕ್ಷರಾಗಿದ್ದ ಅಂತರ್ಯುದ್ಧದ ಕಾಲದ ನಾಲ್ಕು ಸಂಪುಟ ಸೇರಿತು. ಅಡಿಟಿಪ್ಪಣಿಯೇ ಇಲ್ಲ. ಆನ್ ರಟ್ಲೆಜ್ ಎಂಬ ಹುಡುಗಿಯ ಜೊತೆ ಲಿಂಕನ್‌ರ ಪ್ರೇಮದ ಕಥೆಯನ್ನು, ಸಾಕ್ಷಿ ತೆಳುವಾಗಿದ್ದರೂ, ಮನಸಾರೆ ಹಿಗ್ಗಿಸಿ ಬರೆದರು. 1928ರಲ್ಲಿ ಆ ಇಬ್ಬರ ಕಾಗದಗಳು ಸಿಕ್ಕಿವೆ ಅಂತ ಒಂದು ಮಾಸಪತ್ರಿಕೆ ಹೇಳಿದಾಗ ನಂಬಿಯೂ ಬಿಟ್ಟರು. ಅವು ನಕಲಿ. ಆಮೇಲೆ ಮಾತು ಹಿಂದಕ್ಕೆ ತೆಗೆದುಕೊಂಡರು, ಅದೂ ಎಲ್ಲರೆದುರಿಗೆ. ಗುಂಡೇಟು ಬಿದ್ದ ಮೇಲೆ ಲಿಂಕನ್‌ಗೆ ಆದ ಅತಿ ಕ್ರೂರ ಸಂಗತಿ ಈ ಪುಸ್ತಕವೇ ಇರಬಹುದು ಎಂಬರ್ಥದಲ್ಲಿ ವಿಮರ್ಶಕ ಎಡ್ಮಂಡ್ ವಿಲ್ಸನ್ ಬರೆದರು.

ಅಷ್ಟು ಕಠಿಣ ಮಾತು ನಾನು ಆಡಲಾರೆ. ಯುದ್ಧಕಾಲದ ಸಂಪುಟಗಳಲ್ಲಿ ಕವಿ ತಡೆದುಕೊಂಡಿದ್ದಾರೆ. ಕಾಗದಪತ್ರ, ಪತ್ರಿಕೆಯ ಸುದ್ದಿ, ಸಿಪಾಯಿಗಳ ಮಾತು, ಲಿಂಕನ್‌ರನ್ನು ಹಳಿಯುವ ವ್ಯಂಗ್ಯಚಿತ್ರ ಎಲ್ಲ ರಾಶಿ ಬಿದ್ದಿವೆ. ಅಷ್ಟೆಲ್ಲದರ ನಡುವೆ ಒಬ್ಬ ದಣಿದ ಮನುಷ್ಯ ನಿಧಾನಕ್ಕೆ ನಡೆದು ಬರುವುದು ಕಾಣುತ್ತದೆ. ಇದಕ್ಕೆ 1940ರಲ್ಲಿ ಅಮೆರಿಕದ ದೊಡ್ಡ ಬಹುಮಾನವಾದ ಪುಲಿಟ್ಜರ್ ಬಂತು, ಇತಿಹಾಸದ ವಿಭಾಗದಲ್ಲಿ. ಯಾಕೆಂದರೆ ವಾಷಿಂಗ್ಟನ್ ಮತ್ತು ಲಿಂಕನ್ ಮೇಲಿನ ಪುಸ್ತಕಗಳಿಗೆ ಜೀವನಚರಿತ್ರೆಯ ಬಹುಮಾನ ಕೊಡಬಾರದೆಂಬ ನಿಯಮ ಆಗ ಇತ್ತು. ಕವಿತೆಗೆ ಬಂದದ್ದು ಬೇರೆ.

ತಮ್ಮ ಹೆಣ್ಣುಮಕ್ಕಳಿಗಾಗಿ ಬರೆದ ರೂಟಬಾಗಾ ಎಂಬ ಮಕ್ಕಳ ಕಥೆಗಳ ಬಗ್ಗೆ ಜಾಸ್ತಿ ಹೇಳಲು ಜಾಗವಿಲ್ಲ. ರಾಜ ರಾಣಿಯರ ಬದಲು ಜೋಳದ ಹೊಲ, ರೈಲು ಬರುವ ಅಮೆರಿಕದ ಕಥೆಗಳು ಅವು. ಮೊಮ್ಮಕ್ಕಳಿದ್ದರೆ ಓದಿ ಹೇಳಿ. 1948ರ ಕಾದಂಬರಿ ಮಾತ್ರ ನನಗೆ ಬಹಳ ಭಾರವೆನಿಸಿತು.

ನೀವು ಎಲ್ಲಿಂದ ಶುರು ಮಾಡಬೇಕು? ಲಿಂಕನ್‌ನಿಂದ ಬೇಡ. 1953ರಲ್ಲಿ ಬಂದ ಬಾಲ್ಯದ ನೆನಪುಗಳ ಪುಸ್ತಕ ಮೊದಲು ಓದಿ. ಹಾಲಿನ ಗಾಡಿಯ ಹುಡುಗನ ಪರಿಚಯವಾಗಲಿ. ಆಮೇಲೆ ಯುದ್ಧಕಾಲದ ನಾಲ್ಕನೇ ಸಂಪುಟ ತೆಗೆದು, ಲಿಂಕನ್‌ರ ಶವ ಹೊತ್ತ ರೈಲು ವಾಷಿಂಗ್ಟನ್‌ನಿಂದ ಅವರ ಊರಾದ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗುವ ಪುಟಗಳನ್ನು ಒಂದೇ ಕೂತಿನಲ್ಲಿ ಓದಿ. ಪಕ್ಕದಲ್ಲಿ ಪೆನ್ಸಿಲ್ ಇರಲಿ. ಎಲ್ಲಿ ನಂಬಿಕೆ ಬರಲಿಲ್ಲವೋ ಅಲ್ಲಿ ಗೆರೆ ಎಳೆದು ನಮಗೆ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ.

ಇತಿ,
ಸಂಪಾದಕ