ಲೀಡ್ಸ್‌ಗೆ ಬರುತ್ತಿರುವ ತಾಯಿಯೊಬ್ಬರಿಗೆ: ಹೋಟೆಲ್ ಊಟ ಮತ್ತು ಶೇಂಗಾ

ಬರುವ ತಿಂಗಳು ಹುಬ್ಬಳ್ಳಿಯಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬರಲಿರುವ ನೀವು ‘ಅಕ್ಕಾ’ ಎಂದು ಕರೆದು ಹಲವು ಪ್ರಶ್ನೆಗಳನ್ನು ಕೇಳಿದ್ದೀರಿ. ಮನೆ ಬಾಡಿಗೆ, ಶಾಲೆ, ಚಳಿಯ ಬಟ್ಟೆ ಇವುಗಳ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಇದು: “ಐದು ವರ್ಷದ ಮಗನಿಗೆ ಶೇಂಗಾ ಆಗುವುದಿಲ್ಲ, ಅತ್ತೆಯವರು ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಅಲ್ಲಿಯ ಹೋಟೆಲ್‌ಗಳಲ್ಲಿ ಇಂಥವರಿಗೆ ಏನಾದರೂ ಸಿಗುತ್ತದೆಯೇ? ಇಲ್ಲದಿದ್ದರೆ, ನಮಗಾಗಿ ಬೇರೆ ಮಾಡಿಕೊಡಿ ಎಂದು ಕೇಳುವುದು ತಪ್ಪಾಗುತ್ತದೆಯೇ?”

ಬಾಡಿಗೆಯ ವಿಷಯವನ್ನು ನಿಮ್ಮ ಯಜಮಾನರ ಕಚೇರಿಯವರೇ ಚೆನ್ನಾಗಿ ಹೇಳಬಲ್ಲರು. ಬಟ್ಟೆಯನ್ನು ಇಲ್ಲಿಗೆ ಬಂದ ಮೇಲೆ ಕೊಳ್ಳಿ, ಅಲ್ಲಿಂದ ತರುವ ಸ್ವೆಟರ್ ಇಲ್ಲಿಯ ಗಾಳಿಗೆ ಸಾಲದು. ಕುಕ್ಕರ್ ಮತ್ತು ನಿಮ್ಮ ಮನೆಯ ಮಸಾಲೆ ಪುಡಿಯನ್ನು ತನ್ನಿ. ಉಳಿದುದನ್ನು ಊಟದ ವಿಷಯಕ್ಕೇ ಮೀಸಲಿಡುತ್ತೇನೆ, ಏಕೆಂದರೆ ಅದೇ ಪ್ರಶ್ನೆಯನ್ನು ಹೊತ್ತು ನಾನೂ ಬಹಳ ವರ್ಷ ಇಲ್ಲಿ ಬಾಳಿದ್ದೇನೆ.

ನಾನು ಧಾರವಾಡದಿಂದ ಇಲ್ಲಿಗೆ ಬಂದದ್ದು 2005ರಲ್ಲಿ. ಬಂದ ಮೊದಲ ವಾರದಲ್ಲಿ ಹಸಿವಾಗಿ, ಮೀನು ಮತ್ತು ಆಲೂಗಡ್ಡೆ ಕರಿದು ಮಾರುವ ಒಂದು ಸಣ್ಣ ಅಂಗಡಿಗೆ ಹೋಗಿ ಬರೀ ಚಿಪ್ಸ್ ಕೊಡಿ ಎಂದೆ. ಅಲ್ಲಿದ್ದ ವಯಸ್ಸಾದ ಹೆಂಗಸು ನನ್ನ ಹಣೆಯ ಕುಂಕುಮವನ್ನು ನೋಡಿ, ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, “ನಾವು ಇದನ್ನು ದನದ ಕೊಬ್ಬಿನಲ್ಲಿ ಕರಿಯುತ್ತೇವಮ್ಮ, ನಿನಗೆ ನಡೆಯುತ್ತದೆಯೇ?” ಎಂದು ತಾನಾಗಿಯೇ ಕೇಳಿದಳು. ಲೀಡ್ಸ್ ಇರುವ ಈ ಯಾರ್ಕ್‌ಷೈರ್ ಪ್ರಾಂತದ ಎಷ್ಟೋ ಅಂಗಡಿಗಳಲ್ಲಿ ಇಂದಿಗೂ ಕರಿಯುವುದು ಹಾಗೆಯೇ. ಅವಳ ಬಳಿ ನನಗೆ ಕೊಡಲು ಬೇರೇನೂ ಇರಲಿಲ್ಲ, ಆದರೆ ಬಾಣಲೆಯಲ್ಲಿ ಏನಿದೆ ಎಂಬುದನ್ನು ಹೇಳಿ ಕಳಿಸಿದಳು. ಹೋಟೆಲಿನವರಿಂದ ನಾನು ಮೊದಲು ಬಯಸುವುದು ಇದನ್ನೇ. ಆಯ್ಕೆಗಳು ಹೆಚ್ಚಬೇಕೇ ಎಂಬ ಮಾತು ಆಮೇಲಿನದು.

ಸಸ್ಯಾಹಾರಿಗಳಿಗೆ ಈ ದೇಶ ಈಗ ತುಂಬ ಬದಲಾಗಿದೆ. ಸಸ್ಯಾಹಾರಿಗಳ ಸಂಘವೊಂದು 1847ರಲ್ಲಿಯೇ ಹುಟ್ಟಿದ ನಾಡು ಇದು, ಹಾಲು, ಮೊಟ್ಟೆಯನ್ನೂ ಮುಟ್ಟದವರಿಗೆ ‘ವೀಗನ್’ ಎಂಬ ಹೆಸರು ಹುಟ್ಟಿದ್ದೂ ಇಲ್ಲಿಯೇ, 1944ರಲ್ಲಿ. ಆದರೂ ನಾನು ಬಂದಾಗ ಸಿಗುತ್ತಿದ್ದದ್ದು ಚೀಸ್ ಸುರಿದ ಇಡೀ ಆಲೂಗಡ್ಡೆ, ಇಲ್ಲವೇ ಅಣಬೆಯ ಅನ್ನ. ಈಗ ಸಾಧಾರಣ ಹೋಟೆಲಿನ ಪಟ್ಟಿಯಲ್ಲಿಯೂ ನಾಲ್ಕಾರು ತಿನಿಸುಗಳ ಮುಂದೆ ಸಸ್ಯಾಹಾರದ ಗುರುತು ಕಾಣುತ್ತದೆ. ಆದರೆ ನಮ್ಮಲ್ಲಿಯ ಹಸಿರು ಚುಕ್ಕೆಯನ್ನು ನಂಬುವ ಹಾಗೆ ಆ ಗುರುತನ್ನು ನಂಬಬೇಡಿ. ಈ ದೇಶದ ಆಹಾರ ಕಾನೂನಿನಲ್ಲಿ ಸಸ್ಯಾಹಾರ ಎಂದರೇನು ಎಂಬುದಕ್ಕೆ ನಿರ್ದಿಷ್ಟ ವ್ಯಾಖ್ಯೆಯೇ ಇಲ್ಲ. ಮೊಟ್ಟೆಯನ್ನು ಇವರು ಸಸ್ಯಾಹಾರದಲ್ಲಿಯೇ ಸೇರಿಸುತ್ತಾರೆ. ಪಾರ್ಮೆಸಾನ್ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ವೂಸ್ಟರ್ ಸಾಸ್‌ನಲ್ಲಿ ಸಣ್ಣ ಮೀನು ಇರುತ್ತದೆ, ಮಕ್ಕಳ ಎಷ್ಟೋ ಮಿಠಾಯಿಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಅತ್ತೆಯವರಿಗೆ ಇವುಗಳನ್ನು ಮೊದಲೇ ಹೇಳಿಡಿ.

ಮಗನ ವಿಷಯಕ್ಕೆ ಬರುತ್ತೇನೆ. ಹದಿನಾಲ್ಕು ಬಗೆಯ ಅಲರ್ಜಿಕಾರಕ ಪದಾರ್ಥಗಳು ಯಾವ ತಿನಿಸಿನಲ್ಲಿವೆ ಎಂಬ ಮಾಹಿತಿಯನ್ನು ಗಿರಾಕಿಗೆ ಕೊಡುವುದು 2014ರ ಡಿಸೆಂಬರ್‌ನಿಂದ ಇಲ್ಲಿ ಕಡ್ಡಾಯವಾಗಿದೆ. ಶೇಂಗಾ, ಎಳ್ಳು, ಗೋಡಂಬಿ ಬಾದಾಮಿಯಂಥ ಬೀಜಗಳು, ಹಾಲು, ಮೊಟ್ಟೆ, ಸೋಯಾ, ಗೋಧಿಯಂಥ ಧಾನ್ಯಗಳು ಅದರಲ್ಲಿವೆ. ನಮ್ಮ ಒಗ್ಗರಣೆಯ ಸಾಸಿವೆಯೂ ಇದೆ. ಎಳ್ಳಿರುವುದು ತಿಳಿಯದೆ ಬ್ರೆಡ್ ತಿಂದು 2016ರಲ್ಲಿ ತೀರಿಕೊಂಡ ನತಾಶಾ ಎಂಬ ಹದಿನೈದು ವರ್ಷದ ಹುಡುಗಿಯ ಹೆಸರಿನ ಕಾಯ್ದೆ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದ್ದು, ಅಂಗಡಿಯವರು ತಾವೇ ಮಾಡಿ ಕಟ್ಟಿಡುವ ಪೊಟ್ಟಣಗಳ ಮೇಲೂ ಪದಾರ್ಥಗಳ ಪೂರ್ತಿ ಪಟ್ಟಿ ಇರಲೇಬೇಕು. ಆದರೆ ತಟ್ಟೆಗೆ ಬಡಿಸುವ ಹೋಟೆಲುಗಳಿಗೆ ಇಷ್ಟು ಕಟ್ಟುನಿಟ್ಟಿಲ್ಲ. ಅಲ್ಲಿ ಬಾಯಿಮಾತಿನಲ್ಲಿ ಹೇಳಿದರೂ ಕಾನೂನಿಗೆ ಸಾಕು. ಮಜ್ಜಿಗೆಯಲ್ಲಿ ನೆನೆಸಿದ ಕೋಳಿಮಾಂಸವನ್ನು ತಿಳಿಯದೆ ತಿಂದು, ಹದಿನೆಂಟನೆಯ ಹುಟ್ಟುಹಬ್ಬದಂದೇ ತೀರಿಕೊಂಡ, ಹಾಲಿನ ಅಲರ್ಜಿಯಿದ್ದ ಓವೆನ್ ಎಂಬ ಹುಡುಗನ ಮನೆಯವರು ಇದನ್ನು ಬದಲಿಸಲು ಹೋರಾಡಿದ ಫಲವಾಗಿ, ಮಾಹಿತಿಯನ್ನು ಬರಹದಲ್ಲಿಯೇ ಕೊಡಬೇಕೆಂದು ಇಲ್ಲಿಯ ಸರಕಾರದ ಆಹಾರ ಸುರಕ್ಷತೆಯ ಸಂಸ್ಥೆಯಾದ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ 2025ರ ಮಾರ್ಚ್‌ನಲ್ಲಿ ಸಲಹೆಯನ್ನೇನೋ ಕೊಟ್ಟಿತು. ಆದರೆ ಸಲಹೆಗೆ ಕಾನೂನಿನ ಬಲವಿಲ್ಲ, ಬಾಯಿಮಾತು ಎಷ್ಟು ತೆಳುವೆಂದು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಮಗಳಿಗೂ ಶೇಂಗಾ ಮತ್ತು ಎಳ್ಳು ಆಗುವುದಿಲ್ಲ. ಧಾರವಾಡದ ಮನೆಯಲ್ಲಿ ಅಜ್ಜಿ ತುಪ್ಪ ಸವರಿ ಕೊಟ್ಟ ಶೇಂಗಾ ಹೋಳಿಗೆಯ ಚೂರಿನಿಂದ ನಮಗೆ ಅದು ಗೊತ್ತಾಯಿತು. 2013ರ ಬೇಸಿಗೆಯಲ್ಲಿ, ಅವಳಿಗೆ ಆರು ವರ್ಷವಿದ್ದಾಗ, ನಮ್ಮ ದೇಶದವರೇ ನಡೆಸುವ ಒಂದು ಹೋಟೆಲಿಗೆ ಹೋಗಿದ್ದೆವು. ಬಡಿಸಲು ಬಂದ ಹುಡುಗ ನನ್ನ ತಮ್ಮನ ವಯಸ್ಸಿನವನು, ನಾವು ಕರ್ನಾಟಕದವರೆಂದು ತಿಳಿದು ಮುಖ ಅರಳಿಸಿದವನು. ಶೇಂಗಾ, ಎಳ್ಳು ಎರಡನ್ನೂ ಹೆಸರಿಸಿ ಕೇಳಿದೆವು. ಅವನು ಅಡುಗೆಮನೆಯ ಕಡೆ ತಿರುಗಿಯೂ ನೋಡದೆ, “ಏನೂ ಇಲ್ಲ ಅಕ್ಕಾ, ಮಗುವಿಗೆ ನಾನು ಹಾಕಿಸುತ್ತೇನೆಯೇ?” ಎಂದು ಪ್ರೀತಿಯಿಂದಲೇ ಹೇಳಿದ. ಪನೀರ್ ಪಲ್ಯದ ಎರಡನೆಯ ತುತ್ತಿಗೆ ಮಗಳು ತುಟಿ ಉಜ್ಜಿಕೊಳ್ಳತೊಡಗಿದಳು, ಕತ್ತಿನ ಮೇಲೆ ದದ್ದು ಎದ್ದವು, ಆಮೇಲೆ ಕೆಮ್ಮು ಹಿಡಿಯಿತು. ನನ್ನ ಯಜಮಾನರು ತೀವ್ರ ಅಲರ್ಜಿಗೆ ಕೊಡುವ ಚುಚ್ಚುಮದ್ದಾದ ಅಡ್ರಿನಲಿನ್ ಪೆನ್ನನ್ನು ಅವಳ ತೊಡೆಗೆ ಒತ್ತಿದರು, ಆಂಬ್ಯುಲೆನ್ಸ್ ಬಂತು, ಆ ರಾತ್ರಿ ಆಸ್ಪತ್ರೆಯಲ್ಲಿ ಕಳೆಯಿತು. ಗ್ರೇವಿ ಗಟ್ಟಿಯಾಗಲೆಂದು ಗೋಡಂಬಿಯ ಜೊತೆ ಶೇಂಗಾ ಅರೆದು ಹಾಕುತ್ತಿದ್ದರು ಎಂಬುದು ಮರುದಿನ ತಿಳಿಯಿತು. ಹುಡುಗನಿಗೆ ಅದು ಗೊತ್ತಿರಲಿಲ್ಲ. ಅವನು ಸುಳ್ಳು ಹೇಳಿದನೆಂದು ನಾನು ಎಂದೂ ಅಂದುಕೊಂಡಿಲ್ಲ. ಎದುರಿಗೆ ಕುಳಿತ ಅತಿಥಿಗೆ “ಗೊತ್ತಿಲ್ಲ, ಕೇಳಿ ಬರುತ್ತೇನೆ” ಎನ್ನುವುದು ಅವಮರ್ಯಾದೆ ಎಂದು ಬಗೆಯುವ ಮನೆಗಳಲ್ಲಿ ಅವನೂ ನಾನೂ ಬೆಳೆದವರು.

ಅದಾಗಿ ಕೆಲವೇ ತಿಂಗಳಿಗೆ, 2014ರ ಜನವರಿಯಲ್ಲಿ, ನಮ್ಮದೇ ಯಾರ್ಕ್‌ಷೈರ್‌ನ ಉತ್ತರ ಭಾಗದಲ್ಲಿ ಒಬ್ಬ ಗಿರಾಕಿ ಇಂಡಿಯನ್ ಹೋಟೆಲೊಂದರಿಂದ ಕರಿ ತರಿಸಿಕೊಂಡು ತಿಂದು ತೀರಿಕೊಂಡರು. ಬೀಜಗಳು ಬೇಡವೆಂದು ಅವರು ಹೇಳಿದ್ದರು, ಡಬ್ಬಿಯ ಮುಚ್ಚಳದ ಮೇಲೆ ಹಾಗೆಂದು ಬರೆದೂ ಇತ್ತು. ಆದರೆ ಮಾಲೀಕ ಬಾದಾಮಿ ಪುಡಿಯ ಬದಲು ಅಗ್ಗದ, ಶೇಂಗಾ ಬೆರೆತ ಪುಡಿಯನ್ನು ತರಿಸತೊಡಗಿದ್ದ. 2016ರಲ್ಲಿ ನ್ಯಾಯಾಲಯ ಅವನಿಗೆ ಆರು ವರ್ಷ ಸೆರೆವಾಸ ವಿಧಿಸಿತು. ಆ ಸುದ್ದಿಯನ್ನು ಓದಿದ ದಿನ ನಾನು ಒಲೆ ಹಚ್ಚಲಿಲ್ಲ.

ಇದರಿಂದಲೇ, ಹೋಟೆಲಿನವರು ಹೆಚ್ಚು ಆಯ್ಕೆ ಕೊಡಬೇಕೇ ಎಂದರೆ ನಾನು ಕೂಡಲೇ ಹೌದು ಎನ್ನಲಾರೆ. ಸಣ್ಣ ಅಡುಗೆಮನೆಯಲ್ಲಿ ಒಂದೇ ಬಾಣಲೆ, ಒಂದೇ ಎಣ್ಣೆ, ಎರಡು ಸೌಟು ಇಟ್ಟುಕೊಂಡು ಪಟ್ಟಿಯನ್ನು ಮಾತ್ರ ನಾಲ್ಕು ಪುಟಕ್ಕೆ ಬೆಳೆಸಿದರೆ, ಒಂದರದು ಇನ್ನೊಂದಕ್ಕೆ ತಾಗುವ ಸಾಧ್ಯತೆಯೂ ಬೆಳೆಯುತ್ತದೆ. ‘ವೀಗನ್’ ಎಂದು ಬರೆದದ್ದರಲ್ಲಿ ಹಾಲಿನ ಅಂಶ ತಾಗಿರಬಹುದೆಂದು ಇಲ್ಲಿಯ ಏಜೆನ್ಸಿಯೇ ಜನರನ್ನು ಎಚ್ಚರಿಸಿದೆ. ಇನ್ನೊಂದು ಕಡೆ, ಇಂಥ ಗಿರಾಕಿಗೆ ಇರುವ ಅಡುಗೆಯಿಂದಲೇ ಒಂದೊಂದನ್ನು ತೆಗೆಯುತ್ತ ಹೋಗಿ, ಕೊನೆಗೆ ಸೊಪ್ಪು ಮತ್ತು ಸೌತೆಕಾಯಿ ಉಳಿದ ತಟ್ಟೆಯನ್ನು ಪೂರ್ತಿ ಬೆಲೆಗೆ ಕೊಡುವುದೂ ನ್ಯಾಯವಲ್ಲ. ನನ್ನ ಅಭಿಪ್ರಾಯ ಇಷ್ಟು: ಪಟ್ಟಿ ಚಿಕ್ಕದಿರಲಿ, ಅದರಲ್ಲಿ ಹೊಟ್ಟೆ ತುಂಬುವ ಒಂದೆರಡು ಅಡುಗೆಗಳನ್ನು ಮೊದಲಿನಿಂದಲೇ ಈ ಪದಾರ್ಥಗಳಿಲ್ಲದೆ, ಬೇರೆ ಪಾತ್ರೆಯಲ್ಲಿ ಮಾಡಲಿ, ಉಳಿದ ಪ್ರತಿಯೊಂದರಲ್ಲಿ ಏನಿದೆ ಎಂಬುದನ್ನು ಬರೆದಿಡಲಿ. ಬರೆದಿಡುವುದನ್ನು ಕಾನೂನು ಕಡ್ಡಾಯ ಮಾಡಬೇಕು. ಕೂಲಿ, ಬಾಡಿಗೆ, ಗ್ಯಾಸಿನ ಬೆಲೆಯ ಹೊರೆ ಹೊತ್ತ ಮಾಲೀಕರಿಗೆ ಹೊಸ ಅಡುಗೆಗಳನ್ನು ಸೇರಿಸುವುದು ಕಷ್ಟವೆಂಬುದನ್ನು ಒಪ್ಪುತ್ತೇನೆ, ಆದರೆ ತಾವೇ ಹಾಕಿದ ಪದಾರ್ಥವನ್ನು ಕಾಗದದ ಮೇಲೆ ಬರೆಯುವುದಕ್ಕೆ ಯಾವ ಖರ್ಚೂ ಇಲ್ಲ. “ನಮ್ಮ ಅಡುಗೆಮನೆ ನಿಮ್ಮ ಮಗುವಿಗೆ ಸುರಕ್ಷಿತವಲ್ಲ” ಎಂದು ನೇರವಾಗಿ ಹೇಳಿ ಕಳಿಸಿದ ಹೋಟೆಲುಗಳೂ ಇವೆ. ಅವರ ಮೇಲೆ ಬೇಸರಪಡಬೇಡಿ. ನಾನು ಅಂಥವರಿಗೆ ಧನ್ಯವಾದ ಹೇಳಿಯೇ ಹೊರಬರುತ್ತೇನೆ.

ಕೇಳುವುದು ತಪ್ಪಾಗುತ್ತದೆಯೇ ಎಂದಿರಿ. ಖಂಡಿತ ಇಲ್ಲ. ಆದರೆ ನಮ್ಮ ಸಂಕೋಚ ನಿಮಗೂ ಗೊತ್ತು. ಉಂಡೆದ್ದವರು ಚೆನ್ನಾಗಿತ್ತು ಎನ್ನಬೇಕು, ಬಡಿಸುವವರನ್ನು ಏನು ಹಾಕಿದ್ದೀರಿ ಎಂದು ಕೇಳಿದರೆ ಅನುಮಾನಿಸಿದ ಹಾಗೆ. ಈ ಸಂಕೋಚ ಬಿಳಿಯರ ಹೋಟೆಲಿನಲ್ಲಿ ಕಾಡುವುದಿಲ್ಲ, ನಮ್ಮವರ ನಡುವೆಯೇ ಕಾಡುತ್ತದೆ. ಇಲ್ಲಿಯ ಕನ್ನಡಿಗರ ಯುಗಾದಿ ಊಟಕ್ಕೆ ಒಮ್ಮೆ ಸೀಲಿಯಾಕ್ ಕಾಯಿಲೆಯಿದ್ದ, ಗೋಧಿ ಮುಟ್ಟಲಾಗದ ಅತಿಥಿಯೊಬ್ಬರು ಬಂದಿದ್ದರು. ಅಕ್ಕಿಯ ಇಡ್ಲಿ, ಬೇಳೆಯ ಸಾಂಬಾರು, ಭಯವಿಲ್ಲ ಎಂದು ಎಲ್ಲರೂ ಉಪಚರಿಸಿದರು. ಆ ಹೆಂಗಸು ಮಾತ್ರ ಹಿಂಗಿನ ಡಬ್ಬಿಯನ್ನು ತರಿಸಿ ಓದಿ, ಇಡ್ಲಿಯನ್ನು ಬರೀ ತುಪ್ಪದೊಡನೆ ತಿಂದರು. ನಾವು ದಿನವೂ ಬಳಸುವ ಪುಡಿ ಹಿಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ ಎಂಬುದು ಅಷ್ಟು ಮಂದಿ ಅಡುಗೆ ಬಲ್ಲವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಂದಿನಿಂದ ನಮ್ಮ ಸಾಮೂಹಿಕ ಊಟಗಳಲ್ಲಿ ಪ್ರತಿ ಪಾತ್ರೆಯ ಮುಂದೆ ಚೀಟಿ ಇಡುವ ಪದ್ಧತಿ ಬಂದಿದೆ. ಹಿರಿಯರು ಕೆಲವರು ಇದೇನು ಔಷಧಿ ಅಂಗಡಿಯೇ ಎಂದು ಗೊಣಗಿದರೂ ಚೀಟಿಗಳು ಉಳಿದಿವೆ.

ನನ್ನನ್ನು ಇಂದಿಗೂ ಬಿಡದ ನೋವು ಬೇರೆ. ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ನನ್ನ ಮಗಳು ಇಟಾಲಿಯನ್ ಹೋಟೆಲಿಗೆ ಧೈರ್ಯವಾಗಿ ಹೋಗುತ್ತಾಳೆ, ಅಲ್ಲಿಯವರು ಕಡತ ತೆಗೆದು ತೋರಿಸುತ್ತಾರೆ. ನಮ್ಮ ಊಟದ ಹೋಟೆಲು ಎಂದರೆ ಬಾಗಿಲಲ್ಲಿಯೇ ನಿಲ್ಲುತ್ತಾಳೆ. ಶೇಂಗಾ ಹಿಂಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಸಂಕ್ರಾಂತಿಯ ಎಳ್ಳು ಬೆಲ್ಲ ನಮಗೆ ಊರೇ ಆಗಿದ್ದರೆ, ಅವಳಿಗೆ ಅವು ದೂರವಿಡಬೇಕಾದ ವಸ್ತುಗಳು. ಬದನೆಕಾಯಿ ಎಣ್ಣೆಗಾಯಿಗೆ ಒಣಕೊಬ್ಬರಿ, ಪುಟಾಣಿ ಅರೆದು ತುಂಬಿ ಮಾಡುತ್ತೇನೆ, ಅವಳು ಚಪ್ಪರಿಸಿ ತಿನ್ನುತ್ತಾಳೆ. ಅದು ನಮ್ಮಮ್ಮನ ಎಣ್ಣೆಗಾಯಿ ಅಲ್ಲವೆಂದು ನಾನು ಅವಳಿಗೆ ಹೇಳಿಲ್ಲ. ಅಲರ್ಜಿಗೆ ಯಾರೂ ಹೊಣೆಯಲ್ಲ. ಆದರೆ ನಮ್ಮ ಹೋಟೆಲುಗಳು ಬರೆದಿಡುವ ಶಿಸ್ತನ್ನು ಮೊದಲೇ ಕಲಿತಿದ್ದರೆ, ತನ್ನದೇ ನಾಡಿನ ಅಡುಗೆಯನ್ನು ಅವಳು ಇಷ್ಟು ಅಂಜಬೇಕಾಗಿರಲಿಲ್ಲ. ನಿಮ್ಮ ಮಗ ಇನ್ನೂ ಚಿಕ್ಕವನು, ಅವನಿಗೆ ಹಾಗಾಗದಿರಲಿ ಎಂದೇ ಇಷ್ಟು ಬರೆದೆ.

ಬಂದ ಕೂಡಲೇ ಮಾಡಬೇಕಾದದ್ದನ್ನು ಹೇಳುತ್ತೇನೆ. ಮೊದಲು ಜಿಪಿ, ಅಂದರೆ ಕುಟುಂಬ ವೈದ್ಯರಲ್ಲಿ ಹೆಸರು ನೋಂದಾಯಿಸಿ, ಊರಿನ ಡಾಕ್ಟರರ ಕಾಗದಗಳನ್ನು ತೋರಿಸಿ. ಮಕ್ಕಳಿಗೆ ಇಂಗ್ಲೆಂಡಿನಲ್ಲಿ ಔಷಧಿ ಉಚಿತ, ಪೆನ್ ಬರೆದುಕೊಟ್ಟರೆ ಅದೂ ಉಚಿತ. ಯಾವಾಗಲೂ ಎರಡು ಪೆನ್ ಜೊತೆಗಿರಬೇಕು, ಅವಧಿ ಮುಗಿಯುವ ದಿನಾಂಕವನ್ನು ನೋಡುತ್ತಿರಬೇಕು. ಬಳಸುವ ಸಂದರ್ಭ ಬಂದರೆ ಕೂಡಲೇ 999ಕ್ಕೆ ಕರೆ ಮಾಡಿ ‘ಅನಾಫಿಲ್ಯಾಕ್ಸಿಸ್’, ಅಂದರೆ ಜೀವಕ್ಕೆ ಅಪಾಯ ತರುವ ತೀವ್ರ ಅಲರ್ಜಿ, ಎಂಬ ಪದವನ್ನೇ ಹೇಳಿ. ಮಗುವನ್ನು ನಡೆಸಬೇಡಿ, ಮಲಗಿಸಿ. ಉಸಿರಾಟ ಕಷ್ಟವಾದರೆ ಕೂರಿಸಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯ ಪೆನ್ ಕೊಡಬೇಕಾಗುತ್ತದೆ. ಶಾಲೆಯವರು ಮಗುವಿನ ಆರೋಗ್ಯ ಯೋಜನೆಯನ್ನು ಬರೆದಿಟ್ಟುಕೊಳ್ಳುತ್ತಾರೆ, ಚಿಕ್ಕ ತರಗತಿಗಳಿಗೆ ಮಧ್ಯಾಹ್ನದ ಊಟ ಉಚಿತವಿದೆ, ಅಡುಗೆಯವರನ್ನು ನೀವೇ ಕಂಡು ಮಾತನಾಡಿ.

ಅತ್ತೆಯವರ ವಿಷಯ ಸುಲಭವಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಆ ಹದಿನಾಲ್ಕರ ಪಟ್ಟಿಯಲ್ಲಿಲ್ಲ, ಆದ್ದರಿಂದ ಅವುಗಳ ಬಗ್ಗೆ ಯಾರೂ ಲೆಕ್ಕವಿಡುವುದಿಲ್ಲ. ಲಂಡನ್ನಿಗೆ ಹೋದಾಗ ನೀಸ್ಡನ್‌ನ ಸ್ವಾಮಿನಾರಾಯಣ ಮಂದಿರದ ಬಳಿಯ ಶಾಯೋನಾ, ಸೋಹೋದಲ್ಲಿ ಇಸ್ಕಾನ್‌ನವರ ಗೋವಿಂದಾಸ್, ಈ ಎರಡರಲ್ಲಿ ಅವರು ನಿಶ್ಚಿಂತೆಯಿಂದ ಊಟ ಮಾಡಬಹುದು. ಉಳಿದಂತೆ ಮನೆಯೂಟವೇ.

ಹೋಟೆಲಿಗೆ ಹೋಗುವುದಾದರೆ ಮಧ್ಯಾಹ್ನ ಗಿರಾಕಿಗಳು ಕಡಿಮೆ ಇರುವ ಹೊತ್ತಿಗೆ ಫೋನ್ ಮಾಡಿ, ಅಡುಗೆಯವರನ್ನೇ ಕೇಳಿ. “ಶೇಂಗಾ ಇದೆಯೇ?” ಎಂದಷ್ಟೇ ಕೇಳಿದರೆ ಇಲ್ಲ ಎಂಬ ಉತ್ತರ ಥಟ್ಟನೆ ಬರುತ್ತದೆ. “ಗ್ರೇವಿಗೆ ಏನು ಅರೆಯುತ್ತೀರಿ, ಯಾವ ಎಣ್ಣೆಯಲ್ಲಿ ಕರಿಯುತ್ತೀರಿ, ಪುಡಿಯ ಪೊಟ್ಟಣವನ್ನು ತೋರಿಸುತ್ತೀರಾ?” ಎಂದು ಕೇಳಿ. ಬಡಿಸುವವರು ಒಳಗೆ ಹೋಗಿ ವಿಚಾರಿಸಿ ಬರುವ ತನಕ ಮಗನ ಕೈಗೆ ಚಮಚ ಕೊಡಬೇಡಿ.